2,800 ಆರ್‌ಪಿಎಂ ದಾಟಿದ್ರ ಡೀಸೆಲ್ ಗಾಡಿ ಎಳೀವಲ್ದು, ಟರ್ಬೊ ಬದಲಿ ಮಾಡಬೇಕೇನ್ರಿ?

ತೊಗರಿನಾಡು, ಕಲಬುರಗಿ:
ನಮಸ್ಕಾರ್ರಿ. ಗಾಡಿ 1,248 ಸಿಸಿ ಕಾಮನ್ ರೇಲ್ ಡೀಸೆಲ್, ಬಿಎಸ್4, ವೇರಿಯಬಲ್ ಟರ್ಬೊ (ಹೊಗಿಯ ಬಲದಿಂದ ತಿರುಗಿ ಎಂಜಿನಿಗೆ ಹವಾ ಒತ್ತಿ ತುಂಬೋದು), 1,42,000 ಕಿ.ಮೀ. ಓಡ್ಯದ. 2,500 ತನಕ ಪಿಕಪ್ ಛಲೋ ಅದ. 2,800 ದಾಟಿತಂದ್ರ ರೇಸ್ ಪೂರಾ ಒತ್ತಿದ್ರೂ ಮುಂದ ಎಳೀವಲ್ದು. ಊರಾಗ ಗೊತ್ತೇ ಆಗಂಗಿಲ್ಲ. ಹುಮನಾಬಾದ್ ರಸ್ತೆ ಏರಿನಾಗ ನಾಲ್ಕು ಮಂದಿ ಕೂತು ಎಸಿ ಹಾಕಿದ್ರ ಮೂರನೇ ಗೇರಿಗೆ ಇಳೀಬೇಕಾಗ್ತದ. ಚೆಕ್ ಲೈಟ್ ಹತ್ತಿಲ್ಲ. ಡೀಸೆಲ್ ಫಿಲ್ಟರ್ 4,000 ಕಿ.ಮೀ. ಹಿಂದ ಹೊಸಾದು ಹಾಕ್ಯದ, ಏರ್ ಫಿಲ್ಟರ್ ಹವಾ ಹೊಡೆದು ಅದನ್ನೇ ಹಾಕ್ಯಾರ. ಮಿಸ್ತ್ರಿ ಟರ್ಬೊ ಹೋಗ್ಯದ ಅಂತಾರ. ಗಾಡಿಯ ಕಂಪ್ಯೂಟರ್ ಓದೋ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಅದ. ಬಿಚ್ಚೋಕಿಂತ ಮೊದಲ ಏನೇನು ನೋಡಬೇಕು?

ಡೀಸೆಲ್ ಮಿಸ್ತ್ರಿ, ಬೀದರ್:
ಅಣ್ಣಾರ, ಟರ್ಬೊಕ್ಕ ಈಗೇ ಕೈ ಹಚ್ಚಿಸಬ್ಯಾಡ್ರಿ. ಮೊದಲ ಹೊಗಿ ನೋಡ್ರಿ. ಫುಲ್ ರೇಸಿನಾಗ ದಟ್ಟ ಕರಿ ಹೊಗಿ ಬಂದ್ರ ಡೀಸೆಲ್ ಸಾಕಾಗಲಕತ್ತದ, ಹವಾ ಕಮ್ಮಿ ಬಿದ್ದದ. ಹೊಗಿನೇ ಇಲ್ಲದ ಗಾಡಿ ಸೊರಗಿದ್ರ ಬಹಳ ಮಾಡಿ ಡೀಸೆಲ್ ಕಮ್ಮಿ. ನೀಲಿ ಹೊಗಿ ಅಂದ್ರ ಆಯಿಲ್ ಸುಡಲಕತ್ತದ, ಆವಾಗ ಟರ್ಬೊ ಶಾಫ್ಟಿನ ಅಲ್ಲಾಟ ನೋಡೋ ಮಾತು.

ಆಮ್ಯಾಲ ಸ್ಕ್ಯಾನರ್ ಹಚ್ಚಿ, ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದಂಗ ಎಂಎಪಿ (ಟರ್ಬೊ ದಾಟಿ ಎಂಜಿನಿಗೆ ಹೋಗೋ ಹವಾದ ಒತ್ತಡ ಅಳೆಯೋ ಸೆನ್ಸರ್) ಓದ್ರಿ. ಈ ಸೆನ್ಸರ್ ಹೊರಗಿನ ಹವಾದ ಒತ್ತಡ ತೋರಸಬೇಕು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮ್ಯಾಲ ಅದ, ಅಲ್ಲಿ 95-96 ಕೆಪಿಎ (ಕಿಲೋಪಾಸ್ಕಲ್, ಒತ್ತಡದ ಅಳತಿ) ಬರಬೇಕು. ನಮ್ಮ ಬೀದರ್ ಇನ್ನೂ ಎತ್ತರ, 93-94 ಬರ್ತದ. 88 ಇಲ್ಲಾ 105 ತೋರಿಸಿದ್ರ ಸೆನ್ಸರ್ ಮ್ಯಾಲ ಮಸಿ ಕೂತದ ಇಲ್ಲಾ ಸೆನ್ಸರೇ ಕೆಟ್ಟದ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸ್ರಿ, ತೂತಿನಾಗ ತಂತಿ ಹಾಕಬ್ಯಾಡ್ರಿ. ಇದು ಸರಿ ಇಲ್ಲಂದ್ರ ಮುಂದಿನ ಎಲ್ಲಾ ಅಂಕಿ ಸುಳ್ಳು.

ಈಗ ಖಾಲಿ ರಸ್ತೆ ಹುಡುಕ್ರಿ. ಮೂರನೇ ಗೇರು, 1,500ರಿಂದ ರೇಸ್ ಪೂರಾ ಒತ್ತಿ 3,500 ತನಕ. ಆ್ಯಪಿನಾಗ ರೆಕಾರ್ಡ್ ಹಾಕ್ರಿ, ಓಡಿಸೋರು ಮೊಬೈಲ್ ನೋಡಬಾರದು. ಎಂಎಪಿ, ಎಂಎಎಫ್ (ಸೆಕೆಂಡಿಗೆ ಎಷ್ಟು ಗ್ರಾಂ ಹವಾ ಒಳಗ ಬರ್ತದ ಅಂಬೋದು), ರೇಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಡೀಸೆಲಿನ ಒತ್ತಡ), ಒಳಗ ಹೋಗೋ ಹವಾದ ಶಾಖ, ಇಷ್ಟು ಸಾಕು. ನ್ಯೂಟ್ರಲಿನಾಗ ರೇಸ್ ಮಾಡಿ ಅಳೆಯೋದು ದಂಡ. ಎಂಜಿನ್ ಮ್ಯಾಲ ಭಾರ ಇಲ್ಲದಿದ್ರ ಟರ್ಬೊ ಒತ್ತಡ ಕಟ್ಟಂಗಿಲ್ಲ.

ಕಪನೂರ ಮಿತ್ರ, ಕಲಬುರಗಿ:
ಒಂದು ಮಾತು ಸೇರಿಸ್ತೀನ್ರಿ. ಪಿಕಪ್ ಹೋದಾಗ ಗಾಡಿ ಬದಿಗೆ ನಿಂದ್ರಿಸಿ, ಕೀ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಕೂಡ್ಲೇ ಪಿಕಪ್ ಬಂದ್ರ ಅದು ಲಿಂಪ್ ಮೋಡ್, ಅಂದ್ರ ದೋಷ ಕಂಡು ಗಾಡಿ ತಾನೇ ಶಕ್ತಿ ಇಳಿಸೋದು. ಲೈಟ್ ಹತ್ತದಿದ್ರೂ ಪೆಂಡಿಂಗ್ ಕೋಡ್ (ಲೈಟ್ ಹತ್ತೋಕಿಂತ ಮೊದಲೇ ಬರೆದಿಟ್ಟ ದೋಷದ ಗುರುತು) ಓದ್ರಿ. ಪಿ0299 ಅಂದ್ರ ಬೂಸ್ಟ್ (ಟರ್ಬೊ ಕಟ್ಟೋ ಒತ್ತಡ) ಕಮ್ಮಿ, ಪಿ0234 ಅಂದ್ರ ಹೆಚ್ಚು, ಪಿ0087 ಅಂದ್ರ ರೇಲ್ ಪ್ರೆಶರ್ ಬೀಳಲಕತ್ತದ. ವೇರಿಯಬಲ್ ಟರ್ಬೊದ ಒಳಗಿನ ರೆಕ್ಕಿ ಮಸಿ ಹಿಡಿದು ಮುಚ್ಚಿದಂಗೇ ನಿಂತ್ರ ಕೆಳಗಿನ ಆರ್‌ಪಿಎಂನಾಗ ಗಾಡಿ ಭೇಷ್ ಎಳೀತದ, ಮ್ಯಾಲ ಹೋದಾಗ ಬೂಸ್ಟ್ ಮಿತಿ ಮೀರಿ ಇಸಿಯು (ಎಂಜಿನ್ ಕಂಪ್ಯೂಟರ್) ಡೀಸೆಲ್ ಕಡಿತದ. ಆ ರೆಕ್ಕಿ ಸರಿಸೋ ವ್ಯಾಕ್ಯೂಮ್ ಆಕ್ಚುಯೇಟರ್ ಇದ್ರ ಕೈ ಪಂಪ್ ಹಚ್ಚಿ ಎಳೀರಿ. ಅದರ ಸಳಾಕಿ ಎಲ್ಲೂ ಸಿಗಬೀಳದಂಗ ಸರಿದು ವಾಪಸ್ ಬರಬೇಕು, ವ್ಯಾಕ್ಯೂಮ್ ಒಂದು ನಿಮಿಷ ನಿಲ್ಲಬೇಕು.

ತೊಗರಿನಾಡು:
ಓದಿದೆ, ಇಬ್ಬರಿಗೂ ಶರಣ್ರಿ. ಕೋಡ್ ಒಂದೂ ಇಲ್ಲ. ಕೀ ಬಂದ್ ಮಾಡಿ ಚಾಲೂ ಮಾಡಿದ್ರೂ ಫರಕ್ ಇಲ್ಲ. ಸಳಾಕಿ ಸರಾಗ ಸರೀತದ. ಕೀ ಆನ್‌ನಾಗ ಎಂಎಪಿ 96. ಫುಲ್ ರೇಸಿನಾಗ 2,200ಕ್ಕ 205, 3,000ಕ್ಕ 170, 3,500ಕ್ಕ 148. ಎಂಎಎಫ್ 3,000ಕ್ಕ ಸೆಕೆಂಡಿಗೆ 46 ಗ್ರಾಂ. ರೇಲ್ ಪ್ರೆಶರ್ ಏರಕೋತ ಹೋಗಿ 1,450 ಬಾರಿಗೆ ನಿಂತದ, ಬಿದ್ದಿಲ್ಲ. ಹವಾದ ಶಾಖ 60, ಹೊರಗ 38 ಇತ್ತು. ಹೊಗಿ ನಸು ಕರಿ.

ಡೀಸೆಲ್ ಮಿಸ್ತ್ರಿ, ಬೀದರ್:
ಭಾಳ ಛಲೋ ಅಳತಿ ತಗೊಂಡೀರಿ, ಕೆಲಸ ಅರ್ಧ ಮುಗೀತು. ರೇಲ್ ಪ್ರೆಶರ್ ಬೀಳಲಿಲ್ಲ, ಅಂದ್ರ ಫಿಲ್ಟರ್, ಪಂಪ್ ಕಡೆ ಹೋಗೋದು ಬ್ಯಾಡ. ಶಾಖ ಹೊರಗಿಗಿಂತ 22 ಡಿಗ್ರಿ ಅಷ್ಟೇ ಹೆಚ್ಚು, ಟರ್ಬೊದ ಬಿಸಿ ಹವಾ ತಣ್ಣಗ ಮಾಡೋ ಇಂಟರ್‌ಕೂಲರ್ ಜಾಲಿ ಧೂಳು ಹಿಡಿದಿಲ್ಲ.

ಇನ್ನ ಹೋಸ್ ಒಡೆದದ ಏನು ಅಂಬೋದು. ಇದಕ್ಕ ಲೆಕ್ಕ ಹಾಕಿ ನೋಡ್ರಿ. 1,248 ಸಿಸಿ ಎಂಜಿನ್ 3,000 ಆರ್‌ಪಿಎಂನಾಗ ಸೆಕೆಂಡಿಗೆ 31 ಲೀಟರ್ ಹವಾ ನುಂಗ್ತದ, ಯಾಕಂದ್ರ ಎರಡು ಸುತ್ತಿಗೊಮ್ಮೆ ತುಂಬತದ. 170 ಕೆಪಿಎ, 60 ಡಿಗ್ರಿಯಾಗ ಒಂದು ಲೀಟರ್ ಹವಾ 1.78 ಗ್ರಾಂ ತೂಗ್ತದ. ಸಿಲಿಂಡರ್ ಶೇಕಡಾ 85 ತುಂಬತದ ಅಂತ ಹಿಡಿದ್ರ 47 ಗ್ರಾಂ. ನಿಮ್ಮ ಎಂಎಎಫ್ 46 ಅಂತದ. ಎಂಎಎಫ್ ಟರ್ಬೊಕ್ಕಿಂತ ಮೊದಲ ಇರ್ತದ, ಎಂಎಪಿ ಆಮ್ಯಾಲ. ನಡುವಿನ ಹೋಸ್ ಒಡೆದಿದ್ರ ಎಂಎಎಫ್ 58-60 ತೋರಿಸಿ, ಆ ಹವಾ ರಸ್ತೆಗೆ ಹೋಗ್ತಿತ್ತು, ಇಸಿಯು ಅಷ್ಟಕ್ಕ ಡೀಸೆಲ್ ಬಿಟ್ಟು ಹಿಂದಿನ ಗಾಡಿಯವರಿಗೆ ದಾರಿ ಕಾಣದಷ್ಟು ಹೊಗಿ ಬರ್ತಿತ್ತು. ನಿಮ್ಮಲ್ಲಿ ಒಳಗ ಬಂದ ಹವಾ ಎಲ್ಲಾ ಎಂಜಿನಿಗೇ ಮುಟ್ಟ್ಯದ. ಆದ್ರ ಬರೋದೇ ಕಮ್ಮಿ.

ಅಂದ್ರ ಹಾದಿ ಎಲ್ಲೋ ಕಟ್ಟ್ಯದ. ಟರ್ಬೊಕ್ಕ ಹವಾ ಸಿಗವಲ್ದು, ಇಲ್ಲಾ ಸೈಲೆನ್ಸರ್ ಕಡೆ ಹೊಗಿ ಹೊರಗ ಹೋಗವಲ್ದು. ಎರಡೂ ಕೆಳಗಿನ ಆರ್‌ಪಿಎಂನಾಗ ಅಡ್ಡ ಬರಂಗಿಲ್ಲ, ಯಾಕಂದ್ರ ಆವಾಗ ಹವಾದ ಹರಿವು ಕಮ್ಮಿ. ಹರಿವು ದುಪ್ಪಟ್ಟಾದ್ರ ಅಡ್ಡಿಯ ಒತ್ತಡ ಹತ್ತಿರಹತ್ತಿರ ನಾಲ್ಕು ಪಟ್ಟು ಆಗ್ತದ.

ಮೊದಲ ಏರ್ ಫಿಲ್ಟರ್ ಹೊಸಾದು ಹಾಕ್ರಿ. ಹೊರಮುಖದಿಂದ ಹವಾ ಹೊಡೆದ್ರ ಧೂಳು ಕಾಗದದ ಒಳಗ ಇನ್ನೂ ಗಟ್ಟಿ ಕೂಡ್ತದ. ಸೇಡಂ, ವಾಡಿ ಕಡೆ ಸಿಮೆಂಟ್ ಧೂಳಿನಾಗ, ತೊಗರಿ ರಾಶಿ ಟೈಮಿನಾಗ ಓಡೋ ಗಾಡಿಗೆ ಪುಸ್ತಕದಾಗ ಬರೆದ ಕಿ.ಮೀ.ದ ಅರ್ಧಕ್ಕೇ ಬದಲಿ ಮಾಡೋದು ಛಲೋ. ಪರೀಕ್ಷೆಗಂತ ಫಿಲ್ಟರ್ ಇಲ್ಲದ ಮಾತ್ರ ಓಡಿಸಬ್ಯಾಡ್ರಿ. ನಿಮಿಷಕ್ಕ ಲಕ್ಷ ಸುತ್ತು ತಿರುಗೋ ಟರ್ಬೊದ ಕಂಪ್ರೆಸರ್ ಗಾಲಿಗೆ ಒಂದು ಹರಳು ಬಡಿದ್ರ ಮುಗೀತು.

ಕಪನೂರ ಮಿತ್ರ:
ಫಿಲ್ಟರ್ ಡಬ್ಬಿಯಿಂದ ಟರ್ಬೊ ತನಕ ಹೋಗೋ ರಬ್ಬರ್ ಪೈಪನ್ನ ಕೈಯಾಗ ಹಿಸುಕಿ ನೋಡ್ರಿ. ಆಯಿಲ್ ಕುಡಿದು ಮೆತ್ತಗಾಗಿದ್ರ ಮ್ಯಾಲಿನ ಆರ್‌ಪಿಎಂನಾಗ ಎಳೆತಕ್ಕ ಚಪ್ಪಟ್ಟಿ ಆಗ್ತದ, ನಿಂತಾಗ ಗುಂಡಗೇ ಕಾಣ್ತದ. ಅಲ್ಲೇ ವ್ಯಾಕ್ಯೂಮ್ ಗೇಜ್ ಹಚ್ಚಿ ಫುಲ್ ರೇಸಿನಾಗ ಓದ್ರಿ. ದೊಡ್ಡ ಡೀಸೆಲ್ ಎಂಜಿನ್ನಿಗೆ ಸುಮಾರು 6 ಕೆಪಿಎ ಕೊನೇ ಮಿತಿ. ಕಾರಿನಾಗ ಅಷ್ಟು ಬಂದ್ರ ಅಡ್ಡಿ ಅಲ್ಲೇ ಅದ.

ಗೇಜ್ 2-3 ತೋರಿಸಿದ್ರ ಸೈಲೆನ್ಸರ್ ಕಡೆ ತಿರುಗ್ರಿ. ಇಲ್ಲಿ ಒಂದು ತಪ್ಪು ಭಾಳ ಮಂದಿ ಮಾಡ್ತಾರ. ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಟರ್ಬೊಕ್ಕ ಹತ್ತಿದಂಗೇ ಇರ್ತದ, ಅದರ ಹಿಂದಿನ ಜಾಯಿಂಟ್ ಸಡಿಲ ಮಾಡಿ ಓಡಿಸಿ, ಫರಕ್ ಬರದಿದ್ರ ಕ್ಯಾಟ್ ಸರಿ ಅದ ಅಂತಾರ. ಆ ಜಾಯಿಂಟ್ ಬರೇ ಮಫ್ಲರಿನ ಪರೀಕ್ಷೆ. ಕ್ಯಾಟಿಗೆ ಅದರ ಮೊದಲಿರೋ ಸೆನ್ಸರ್ ತೂತಿನಾಗ ಪ್ರೆಶರ್ ಗೇಜ್ ಹಚ್ಚಬೇಕು. ತೂತಿಲ್ಲದಿದ್ರ ತಣ್ಣಗಾದ ಮ್ಯಾಲ ಇಳಿಸಿ ಬೆಳಕಿಗೆ ಹಿಡಿದು ನೋಡ್ರಿ, ಜೇನುಗೂಡಿನ ತೂತು ಆಚಿಗೆ ಕಾಣಬೇಕು. ಮುಂಭಾಗ ಮಸಿಯಿಂದ ಮುಚ್ಚಿದ್ರ ಇಜಿಆರ್ ವಾಲ್ವ್ (ಸ್ವಲ್ಪ ಹೊಗಿ ವಾಪಸ್ ಎಂಜಿನಿಗೆ ಬಿಡೋದು) ಪೂರಾ ಮುಚ್ಚಲಕತ್ತದೋ ಇಲ್ಲೋ ಅದನ್ನೂ ನೋಡೇ ಹೊಸ ಕ್ಯಾಟ್ ಹಾಕ್ರಿ, ಇಲ್ಲಂದ್ರ ಅದೂ ಹಂಗೇ ಕಟ್ಟತದ.