ಪಾರ್ಕಿನ ಪಕ್ಕದ ರೆಸಾರ್ಟಿನಲ್ಲಿ ಮಕ್ಕಳೊಟ್ಟಿಗೆ ಒಂದು ರಾತ್ರಿ: ಕೇಳಿ, ಗೊತ್ತಿದ್ದದ್ದು ಹೇಳ್ತೇನೆ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವ. ಬೆಂಗಳೂರು ಕಡೆ ರೆಸಾರ್ಟುಗಳ ಫ್ರಂಟ್ ಆಫೀಸಿನಲ್ಲಿ 14 ವರ್ಷ ಚಾವಿ ಕೊಟ್ಟು ಚಾವಿ ಇಸಿದುಕೊಂಡಿದ್ದೇನೆ. ಈಗ ಊರಲ್ಲೇ ಟಿಕೆಟು, ರೂಮು ಬುಕ್ ಮಾಡಿಕೊಡುವ ಸಣ್ಣ ಅಂಗಡಿ. ದಸರಾ ರಜೆ ಹತ್ತಿರ ಬಂತು, ಎಲ್ಲರೂ ಅದೇ ಅದೇ ಪ್ರಶ್ನೆ ಕೇಳ್ತಾರೆ ಹೇಳಿ ಈ ಗುಂಪಿನ ಅಡ್ಮಿನ್ ಇವತ್ತು ಸಂಜೆ ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಕೇಳಿ.

ಪ್ರಶ್ನೆ (ಶಿರಸಿ): ಅಣ್ಣಾ, ನನಗೆ ಇಬ್ಬರು ಮಕ್ಕಳು, ಒಂದಕ್ಕೆ 4 ವರ್ಷ, ಇನ್ನೊಂದಕ್ಕೆ 9. ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೋಗುವುದು ಖಾತ್ರಿ. ತಂಗಿಯ ಮನೆ ರಾಜಾಜಿನಗರದಲ್ಲಿದೆ. ಅಲ್ಲೇ ಉಳಿದರೆ ಸಾಲದಾ? ಪಾರ್ಕಿನ ರೆಸಾರ್ಟು ಅಂದರೆ ದುಡ್ಡು ದಂಡ ಅಂತಾರೆ ನಮ್ಮನೆಯವರು.

ಉತ್ತರ: ಒಂಬತ್ತು ವರ್ಷದವ ಒಬ್ಬನೇ ಆಗಿದ್ದರೆ ನಿಮ್ಮನೆಯವರು ಹೇಳಿದ್ದೇ ಸರಿ, ತಂಗಿ ಮನೆಗೆ ಹೋಗಿ ಎನ್ನುತ್ತಿದ್ದೆ. ನಾಲ್ಕು ವರ್ಷದ್ದು ಇದೆಯಲ್ಲ, ಅದಕ್ಕೆ ರೂಮು ಬೇಕು. ಆ ಬಾಡಿಗೆ ನೀವು ಕೊಡುವುದು ಮಧ್ಯಾಹ್ನದ ಎರಡು ತಾಸಿನ ನಿದ್ದೆಗೆ.

ನಾನು ಕೌಂಟರಿನಲ್ಲಿ ನಿಂತು ನೋಡಿದ್ದು ಹೇಳ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ಸಣ್ಣ ಮಕ್ಕಳ ಅಪ್ಪ ಅಮ್ಮಂದಿರು ಒದ್ದೆ ಟವೆಲಿನಲ್ಲಿ ಮಗುವನ್ನು ಸುತ್ತಿ ಹೊತ್ತುಕೊಂಡು ಬರ್ತಾರೆ. ಮಗುವಿನ ತುಟಿ ನೀಲಿಗಟ್ಟಿರ್ತದೆ, ಕಣ್ಣು ಮುಚ್ಚಿ ಹೋಗ್ತಿರ್ತದೆ, ಆದರೂ ಮನೆಗೆ ಬೇಡ ಹೇಳಿ ಅಳ್ತಿರ್ತದೆ. ನಾಲ್ಕಕ್ಕೆ ಅದೇ ಮಗು ಕಾರಿಡಾರಿನಲ್ಲಿ ಓಡ್ತದೆ. ರೂಮಿಲ್ಲದವರ ಮಗು ಅಷ್ಟೊತ್ತಿಗೆ ಪಾರ್ಕಿನ ಬೆಂಚಿನ ಮೇಲೆ ಹಟ ಹಿಡಿದಿರ್ತದೆ, ಅಪ್ಪ ಸಿಟ್ಟಾಗಿರ್ತಾನೆ. ಇನ್ನು ಬಿಡದಿಯಿಂದ ರಾಜಾಜಿನಗರಕ್ಕೆ ಸಂಜೆ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ವಾಪಸ್ ಹೋಗುವುದು ನೆನೆಸಿಕೊಳ್ಳಿ.

ಒಂದು ಮಾತು ಮಾತ್ರ: ಗೇಟಿನಿಂದ ಹೊರಗೆ ಬಂದು ಮತ್ತೆ ಅದೇ ಟಿಕೆಟಿನಲ್ಲಿ ಒಳಗೆ ಬಿಡ್ತಾರಾ ಹೇಳಿ ಬುಕ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿ. ಪಾರ್ಕಿಗೊಂದು ನಿಯಮ. ಬಿಡುವುದಿಲ್ಲ ಅಂದರೆ ನಾನು ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ.

ಒಂದೇ ರಾತ್ರಿ ಸಾಕು. ಶಿರಸಿಯಿಂದ ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದ ಮೆಟ್ರೊ 2023ರಿಂದ ಚಲ್ಲಘಟ್ಟದ ತನಕ ಹೋಗ್ತದೆ, ಅಲ್ಲಿಂದ ಟ್ಯಾಕ್ಸಿ. ರೂಮು ಸಿಗುವುದು ಮಧ್ಯಾಹ್ನವೇ. ಬ್ಯಾಗನ್ನು ರೆಸಾರ್ಟಿನ ಕೌಂಟರಿನಲ್ಲಿ ಇಟ್ಟು ಚೀಟಿ ಇಸಿದುಕೊಳ್ಳಿ, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿ, ಪಾರ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಒಳಗೆ ಹೋಗಿ. ನೀವು ಆಡಿ ಬರುವಷ್ಟರಲ್ಲಿ ರೂಮು ತಯಾರಿರ್ತದೆ. ಒಂದು ಜೊತೆ ಬಟ್ಟೆ, ಟವೆಲು, ಮಗುವಿನ ಔಷಧಿ ಬೇರೆ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗಿನ ತಳದಲ್ಲಿ ಚಡ್ಡಿ ಹುಡುಕುತ್ತ ಲಾಬಿಯಲ್ಲಿ ಕೂತವರನ್ನು ಬೇಕಾದಷ್ಟು ಕಂಡಿದ್ದೇನೆ.

ಪ್ರಶ್ನೆ (ಹೊನ್ನಾವರ): ಮಗನಿಗೆ 5 ತುಂಬಿಲ್ಲ. ಫ್ರೀ ಅಲ್ಲವಾ?

ಉತ್ತರ: ಎಲ್ಲಿ ಫ್ರೀ ಎನ್ನುವುದರ ಮೇಲೆ ಹೋಗ್ತದೆ ಮಾರಾಯ್ರೆ. ರೈಲಿನವರು ವಯಸ್ಸು ಕೇಳ್ತಾರೆ: 5ರ ಒಳಗೆ ಟಿಕೆಟಿಲ್ಲ, 5ರಿಂದ 12ರ ಒಳಗೆ ಬರ್ತು ಬೇಡ ಅಂದರೆ ಅರ್ಧ, ಬೇಕು ಅಂದರೆ ಪೂರ್ತಿ. ಹೋಟೆಲಿನವರೂ ವಯಸ್ಸೇ ಕೇಳ್ತಾರೆ, ಜೊತೆಗೆ ಎಕ್ಸ್ಟ್ರಾ ಬೆಡ್ ಬೇಕಾ ಅಂತಲೂ. ವಂಡರ್‌ಲಾದವರು ಕೇಳುವುದು ಎತ್ತರ. 85 ಸೆಂ.ಮೀ. ಒಳಗಿದ್ದರೆ ಉಚಿತ, 140ರ ತನಕ ಮಕ್ಕಳ ಟಿಕೆಟು, ಅದರ ಮೇಲೆ ದೊಡ್ಡವರದ್ದು. ಐದು ತುಂಬದ ಮಗು ಸಾಮಾನ್ಯವಾಗಿ 85 ದಾಟಿಯೇ ಇರ್ತದೆ. ಹಾಗಾಗಿ ರೈಲಿನಲ್ಲಿ ಫ್ರೀ, ಪಾರ್ಕಿನಲ್ಲಿ ಟಿಕೆಟು.

ಹೊರಡುವ ಮೊದಲು ಬಾಗಿಲ ದಾರಂದಕ್ಕೆ ನಿಲ್ಲಿಸಿ ಬರಿಗಾಲಲ್ಲಿ ಅಳೆಯಿರಿ. ಪೆನ್ಸಿಲ್ಲಿನ ಗೆರೆಯನ್ನು ಮಗುವಿಗೂ ತೋರಿಸಿ. ಜೋರಿನ ರೈಡುಗಳಿಗೆ ಸಾಮಾನ್ಯವಾಗಿ 140 ಬೇಕು. ಮುಕ್ಕಾಲು ತಾಸು ಸರತಿಯಲ್ಲಿ ನಿಂತ ಮೇಲೆ ಆ ಅಳತೆಯ ಕೋಲು ತಲೆ ಮೇಲೆ ಗಾಳಿಯಲ್ಲೇ ಹೋದರೆ ಮಗುವಿನ ಮುಖ ನೋಡಲಿಕ್ಕಾಗುವುದಿಲ್ಲ. ಒಬ್ಬ ಹುಡುಗ ಬೂಟಿನೊಳಗೆ ನಮ್ಮ ಲಾಬಿಯ ಪೇಪರನ್ನೇ ಮಡಚಿಟ್ಟುಕೊಂಡು ಹೋಗಿದ್ದ. ಬೂಟು ಬಿಚ್ಚಿಸಿದರಂತೆ. ಸಂಜೆ ಪೇಪರು ವಾಪಸ್ ತಂದುಕೊಟ್ಟ, ಒದ್ದೆಯಾಗಿತ್ತು.

ಪ್ರಶ್ನೆ (ಅಂಕೋಲಾ, ನಿವೃತ್ತ ಮಾಸ್ತರ): ಜನ ಕಡಿಮೆ ಇರುವುದು ಯಾವಾಗ?

ಉತ್ತರ: ಮಾಸ್ತರ್ರೆ, ವಾರದ ನಡುವಿನ ದಿನ ಅಂತ ಎಲ್ಲರೂ ಹೇಳ್ತಾರೆ, ಡಿಸೆಂಬರ್, ಜನವರಿ ಬಿಟ್ಟು. ಆಗ ಶಾಲೆಯ ಟ್ರಿಪ್ಪು ಬರುವುದೇ ವಾರದ ನಡುವೆ, ನಿಮಗೆ ಗೊತ್ತಿರುವುದೇ. ನನ್ನ ಮಟ್ಟಿಗೆ ನಮ್ಮ ಕಡೆಯವರಿಗೆ ಒಳ್ಳೆಯದು ಮಳೆಗಾಲ. ಇಲ್ಲಿ ಅಂಗಳಕ್ಕೆ ಇಳಿಯಲಿಕ್ಕಾಗದಷ್ಟು ಹೊಯ್ಯುವಾಗ ಬಿಡದಿಯಲ್ಲಿ ಜಿಟಿಜಿಟಿ ಅಷ್ಟೇ. ನೀರಾಟಕ್ಕೆ ಹೇಗೂ ಒದ್ದೆಯಾಗುವುದೇ. ಗುಡುಗು, ಜೋರು ಗಾಳಿ ಬಂದರೆ ಮಾತ್ರ ಎತ್ತರದ ರೈಡು ನಿಲ್ಲಿಸ್ತಾರೆ.

ಪ್ರಶ್ನೆ (ಕಾರವಾರ): ಟ್ಯಾಗೋರ್ ಬೀಚು ಮನೆ ಎದುರಿಗಿದೆ. ನಮ್ಮ ಮಕ್ಕಳು ಸಮುದ್ರದಲ್ಲೇ ಬೆಳೆದವು. ರೆಸಾರ್ಟಿನ ಸ್ವಿಮ್ಮಿಂಗ್ ಪೂಲಿಗೆಲ್ಲ ಹೆದರಬೇಕಾ?

ಉತ್ತರ: ನನಗೆ ಹೆದರಿಕೆ ಇರುವುದೇ ಕರಾವಳಿಯ ಮಕ್ಕಳ ಬಗ್ಗೆ. ಬೆಂಗಳೂರಿನ ಮಗು ಮೆಟ್ಟಿಲ ಮೇಲೆ ನಿಂತು ಒಂದು ಬೆರಳು ಅದ್ದಿ ನೋಡ್ತದೆ. ನಮ್ಮವು ಚಪ್ಪಲಿ ಬಿಡುವ ಮೊದಲೇ ಹಾರ್ತವೆ.

ಸಮುದ್ರದಲ್ಲಿ ಆಳ ನಿಧಾನಕ್ಕೆ ಬರ್ತದೆ. ಮೊಣಕಾಲು, ಸೊಂಟ, ಎದೆ, ಹೀಗೆ ಕಾಲಡಿಯ ಮರಳೇ ಹೇಳ್ತಾ ಹೋಗ್ತದೆ. ಪೂಲಿನಲ್ಲಿ ಮೂರು ಅಡಿಯಿಂದ ಐದು ಅಡಿಗೆ ನಾಲ್ಕು ಹೆಜ್ಜೆ ಸಾಕು, ಟೈಲ್ಸು ಜಾರುತ್ತದೆ, ನೀರು ತಿಳಿಯಾಗಿರುವುದರಿಂದ ಆಳ ಕಡಿಮೆ ಕಾಣ್ತದೆ. ಉಪ್ಪು ನೀರು ಮೈಯನ್ನು ಎತ್ತಿ ಹಿಡಿದಷ್ಟು ಸಿಹಿನೀರು ಹಿಡಿಯುವುದಿಲ್ಲ. ಕಾರವಾರದಲ್ಲಿ ತೇಲುವ ಮಗು ಅಲ್ಲಿ ಒಂದು ಚೂರು ಕೆಳಗೆ ಹೋಗ್ತದೆ, ಆ ಒಂದು ಚೂರಿಗೆ ಗಾಬರಿ ಬೀಳ್ತದೆ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರ್ತದೆ, ಸದ್ದೇ ಬರುವುದಿಲ್ಲ. ಹತ್ತು ಮಾರು ದೂರದ ಕುರ್ಚಿಯಲ್ಲಿ ಮೊಬೈಲು ನೋಡ್ತಾ ಕೂತವರಿಗೆ ಆಡ್ತಾ ಇದೆ ಅಂತಲೇ ಕಾಣ್ತದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನೀವಿರಬೇಕು, ಲೈಫ್‌ಗಾರ್ಡ್ ಇದ್ದರೂ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆ ಆಟಿಕೆ, ಅದನ್ನು ನೆಚ್ಚಬೇಡಿ.

ಪೂಲಿಗಿಳಿಯುವ ಮೊದಲು ತಲೆಗೆ ಬರೀ ನೀರು ಹಾಕಿ ನೆನೆಸಿ. ಒದ್ದೆ ಕೂದಲು ಕ್ಲೋರಿನ್ ನೀರನ್ನು ಅಷ್ಟು ಹೀರುವುದಿಲ್ಲ. ಬಟ್ಟೆಯ ನಿಯಮವೂ ಇದೆ: ವಂಡರ್‌ಲಾದ ನೀರಿನ ರೈಡಿಗೆ ಸೀರೆ, ಚೂಡಿದಾರ, ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಬೇಕು. ಊರಲ್ಲೇ ಕೊಂಡುಕೊಂಡು ಹೋಗಿ.

ಮರುಪ್ರಶ್ನೆ (ಕಾರವಾರ): ರೂಮಿನೊಳಗೆ?

ಉತ್ತರ: ಬಚ್ಚಲು ಮೊದಲು. ಹಂಡೆಯಿಂದ ತೋಡಿ ಬೆರೆಸಿಕೊಂಡು ಮೀಯುವ ಮಕ್ಕಳಿಗೆ ಒಂದೇ ಹಿಡಿಯ ನಲ್ಲಿ ಗೊತ್ತಿರುವುದಿಲ್ಲ. ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಕುದಿಯುವಂಥ ನೀರು. ನೀವೇ ಬಿಟ್ಟು, ಮುಂಗೈಗೆ ಹಾಕಿ ನೋಡಿ, ಆಮೇಲೆ ಕರೆಯಿರಿ. ಬಾಲ್ಕನಿ ಬಾಗಿಲ ಚಿಲಕ, ಪಕ್ಕದಲ್ಲಿ ಹತ್ತಲಿಕ್ಕಾಗುವಂತೆ ಕುರ್ಚಿ ಇದೆಯಾ, ನೋಡಿಕೊಳ್ಳಿ.

ಇನ್ನೊಂದು ನನ್ನ ಮನೆಯದ್ದೇ ಕಥೆ. ಮಗ ಆಗ ಐದರವ. ಕೆಲಸ ಬಿಟ್ಟ ವರ್ಷ ನಾವೇ ಅತಿಥಿಗಳಾಗಿ ಒಂದು ರೆಸಾರ್ಟಿಗೆ ಹೋಗಿದ್ದೆವು. ಹೆಸರು ಬೇಡ, ತಪ್ಪು ನನ್ನದೇ. ಬೆಳಿಗ್ಗೆ ಆರಕ್ಕೆ ಎಚ್ಚರಾದರೆ ಹಾಸಿಗೆಯಲ್ಲಿ ಅವನಿಲ್ಲ. ಆ ಬಾಗಿಲುಗಳು ಹೊರಗಿನಿಂದ ಕಾರ್ಡಿಲ್ಲದೆ ತೆರೆಯುವುದಿಲ್ಲ, ಒಳಗಿನಿಂದ ಹಿಡಿ ಒತ್ತಿದರೆ ಸಾಕು. 14 ವರ್ಷ ಇದನ್ನೇ ಮಂದಿಗೆ ಹೇಳಿದವ ನಾನು. ಕಾರಿಡಾರಿನ ತುದಿಯಲ್ಲಿ ಬನಿಯನ್ನು ಚಡ್ಡಿಯಲ್ಲಿ ಲಿಫ್ಟಿನ ಎದುರು ಕೂತಿದ್ದ. ಹಿಂದಿನ ದಿನ ಮೊದಲ ಸಲ ಲಿಫ್ಟು ಹತ್ತಿದ್ದನಲ್ಲ, ಅದು ತಾನಾಗಿ ಬಾಗಿಲು ತೆಗೆಯಲಿ ಅಂತ ಕಾಯ್ತಾ ಇದ್ದ. ಮಲಗುವಾಗ ಮೇಲಿನ ಚಿಲಕ ಹಾಕಿ. ಪಾರ್ಕಿಗೆ ಹೋಗುವಾಗ ನಿಮ್ಮ ಮೊಬೈಲ್ ನಂಬರನ್ನು ನೀರಿಗೆ ಹೋಗದ ಮಾರ್ಕರ್ ಪೆನ್ನಿನಲ್ಲಿ ಮಗುವಿನ ತೋಳಿನ ಮೇಲೆ ಬರೆಯಿರಿ.

ಪ್ರಶ್ನೆ (ಸಿದ್ದಾಪುರ): ಅತ್ತೆಯವರೂ ಬರ್ತಾರೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಪಾರ್ಕಿಗೆ ಬಂದು ಅವರು ಮಾಡುವುದಾದರೂ ಎಂತದು?

ಉತ್ತರ: ಅವರಿಗೆ ಪಾರ್ಕಿನ ಟಿಕೆಟೇ ಬೇಡ, ರೂಮಿನಲ್ಲಿರಲಿ. ಮಧ್ಯಾಹ್ನ ಸಣ್ಣದನ್ನು ಅವರ ಹತ್ತಿರ ಮಲಗಿಸಿ ನೀವಿಬ್ಬರೂ ದೊಡ್ಡವನ ಜೊತೆ ಇನ್ನೊಂದು ಸುತ್ತು ಹೋಗಿ ಬನ್ನಿ. ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ. ರೂಮಿಗೆ ಅವಲಕ್ಕಿ, ಮೊಸರು, ಉಪ್ಪಿನಕಾಯಿ, ತೊಡೆದೇವು ತಂದರೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಬೆಳಗಿನ ಬಫೆಯಲ್ಲಿ ಇಡ್ಲಿ, ಹಣ್ಣು ಇದ್ದೇ ಇರ್ತದೆ. ಚಟ್ನಿ ಕೇಳಿಕೊಂಡು ಹಾಕಿಸಿಕೊಳ್ಳಿ. ಹಿಂದಿನ ರಾತ್ರಿಯೇ ಹೇಳಿದರೆ ಒಂದು ತಿಳಿಸಾರು ಬೇರೆ ಮಾಡಿಕೊಡುವ ಅಡುಗೆಯವರು ಬಹಳ ಜನ ಇದ್ದಾರೆ, ಅರ್ಧದಷ್ಟು ಮಂದಿ ನಮ್ಮ ಕಡೆಯವರೇ! ರೂಮಿನ ಕೆಟಲಿನಲ್ಲಿ ಮಾತ್ರ ಹಾಲು ಕಾಯಿಸಬೇಡಿ. ತಳ ಹಿಡಿದು ವಾಸನೆ ಬರ್ತದೆ, ಬಿಲ್ಲಿನಲ್ಲಿ ಕೆಟಲಿನ ದುಡ್ಡು ಬರ್ತದೆ.

ಪ್ರಶ್ನೆ (ಕುಮಟಾ): ಕಳೆದ ವರ್ಷ ಒಂದು ಕಡೆ ಹೋಗಿದ್ವಿ. ರಾತ್ರಿಯಿಡೀ ಕಿಟಕಿ ಕೆಳಗೆ ಡಿಜೆ. ಬಿಲ್ಲು ಬೇರೆ, ಹೇಳಿದ್ದಕ್ಕಿಂತ ಸಾವಿರ ಜಾಸ್ತಿ.

ಉತ್ತರ: ಡಿಜೆ ಅಂದರೆ ಮದುವೆ ಇಲ್ಲಾ ಕಂಪನಿ ಪಾರ್ಟಿ. ರೆಸಾರ್ಟುಗಳ ಹೊಟ್ಟೆ ತುಂಬುವುದೇ ಅದರಿಂದ, ಅವರಾಗಿ ಹೇಳುವುದಿಲ್ಲ. "ಆ ದಿನ ಲಾನಿನಲ್ಲಿ ಫಂಕ್ಷನ್ ಇದೆಯಾ, ಇದ್ದರೆ ಆಚೆ ಬದಿಯ ರೂಮು ಕೊಡಿ" ಹೇಳಿ ಬುಕಿಂಗಿನ ದಿನವೇ ಕೇಳಿ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಕಾನೂನೇ ಇದೆ. ಡ್ಯೂಟಿ ಮ್ಯಾನೇಜರನ್ನು ಕರೆದು ಮೆತ್ತಗೆ ನೆನಪಿಸಿ.

ಬಿಲ್ಲಿನ ಲೆಕ್ಕ ತೆರಿಗೆಯದ್ದಿರಬಹುದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ತನಕದ ರೂಮಿಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. 7,400ರ ರೂಮು 7,770ಕ್ಕೆ ಬರ್ತದೆ. 7,600ರದ್ದು 8,968 ಆಗ್ತದೆ. ಇನ್ನೂರು ರೂಪಾಯಿ ಹೆಚ್ಚಿನ ರೂಮಿಗೆ ಸುಮಾರು 1,200 ಹೆಚ್ಚು ಕೊಟ್ಟ ಹಾಗಾಯ್ತು. ಶನಿವಾರ ದರ ಏರಿ 7,500 ದಾಟ್ತದೆ, ಭಾನುವಾರ ರಾತ್ರಿ ಇಳೀತದೆ. ಸಾಧ್ಯವಾದರೆ ಭಾನುವಾರ ರಾತ್ರಿ ಉಳಿಯಿರಿ.

ಪ್ರಶ್ನೆ (ಭಟ್ಕಳ): ಭಾಯಿ, ಅಣ್ಣ ದುಬೈಯಲ್ಲಿದ್ದಾನೆ, ಮಕ್ಕಳನ್ನು ಕರಕೊಂಡು ಬಾ ಅಂತಾನೆ. ಅಲ್ಲಿ ಲೆಗೋಲ್ಯಾಂಡ್ ಪಾರ್ಕಿನದ್ದೇ ಹೋಟೆಲಿದೆಯಂತಲ್ಲ?

ಉತ್ತರ: ಇದೆ, 2022ರಲ್ಲಿ ಶುರುವಾಯ್ತು, 250 ರೂಮು. ಮಕ್ಕಳಿಗೆ ಬೇರೆಯೇ ಮೂಲೆ, ಮೇಲೊಂದು ಕೆಳಗೊಂದು ಮಂಚ. ಆ ಪಾರ್ಕು ಮಾಡಿದ್ದೇ 2ರಿಂದ 12 ವರ್ಷದವರಿಗೆ. ನಿಮ್ಮ ದೊಡ್ಡವನಿಗೆ 14 ಆಗಿದ್ದರೆ ಅವನು ಮುಖ ಸಿಂಡರಿಸಿಕೊಂಡು ಕೂರ್ತಾನೆ. ಜೂನ್, ಜುಲೈ, ಆಗಸ್ಟಿನಲ್ಲಿ ಬೇಡ, 40 ಡಿಗ್ರಿ ದಾಟ್ತದೆ. ಅಣ್ಣನ ಮನೆಯಲ್ಲೇ ಉಳಿದು ಹೋಟೆಲಿಗೆ ಒಂದು ರಾತ್ರಿ ಇಡಿ.

ಪಾರ್ಕಿನ ಪಕ್ಕ ಹೋಟೆಲು ಕಟ್ಟುವ ಈ ವಿದ್ಯೆ ಹಳೆಯದು. 1955ರ ಜುಲೈಯಲ್ಲಿ ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಡಿಸ್ನಿಯವರ ಕೈ ಬರಿದಾಗಿತ್ತು. ಅಕ್ಟೋಬರಿನಲ್ಲಿ ಪಕ್ಕದ ಹೋಟೆಲು ತೆರೆದವನು ಜಾಕ್ ರ‍್ಯಾದರ್ ಎಂಬ ಇನ್ನೊಬ್ಬ. ಡಿಸ್ನಿ ಕಂಪನಿ ಅದನ್ನು ಕೊಂಡದ್ದು 1988ರಲ್ಲಿ. ಪಾರ್ಕು ಒಬ್ಬರದ್ದು, ರೂಮಿನ ಬಾಡಿಗೆ ಇನ್ನೊಬ್ಬರದ್ದು, ಅಷ್ಟು ವರ್ಷ!

ಪ್ರಶ್ನೆ (ಗೋಕರ್ಣ): ಮುಂಬೈ ಕಡೆಯ ಇಮ್ಯಾಜಿಕಾ ಪಾರ್ಕು ನಮಗೆ ಹತ್ತಿರ ಆಗ್ತದಾ?

ಉತ್ತರ: ದೂರ ಕೇಳಬೇಡಿ, ರೈಲು ಕೇಳಿ. ಮತ್ಸ್ಯಗಂಧಾಕ್ಕೆ ಸಂಜೆ ಹತ್ತಿದರೆ ಬೆಳಗಿನ ಜಾವ ಪನ್ವೇಲ್, ಅಲ್ಲಿಂದ ಪಾರ್ಕಿರುವ ಖೋಪೋಲಿಗೆ ಟ್ಯಾಕ್ಸಿ. ಬೆಂಗಳೂರಿಗಾದರೆ ಪಂಚಗಂಗಾ ಇದೆ. ಎರಡರಲ್ಲೂ ಮಕ್ಕಳು ಮಲಗಿಯೇ ಹೋಗ್ತವೆ, ಅರೆಬೈಲು ಘಟ್ಟದಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕಿ ವಾಂತಿ ಮಾಡುವ ಪ್ರಸಂಗ ಇಲ್ಲ.

ಪ್ರಶ್ನೆ (ಶಿರಸಿ, ಮೊದಲು ಕೇಳಿದವರೇ): ಅಣ್ಣಾ, ರೂಮು ಬುಕ್ ಮಾಡಿದೆವು. ಕೊನೆಯದಾಗಿ ಒಂದು: ಮಂದಿ ರೂಮಿನಲ್ಲಿ ಬಿಟ್ಟು ಬರುವುದು ಹೆಚ್ಚಾಗಿ ಎಂತದು?

ಉತ್ತರ: ಚಾರ್ಜರು. ಅದು ಹೋದರೆ ಹೋಗಲಿ. ಮಕ್ಕಳು ತಬ್ಬಿ ಮಲಗುವ ಗೊಂಬೆ, ಹಳೇ ಸೀರೆಯ ತುಂಡು, ಇವು ಬಿಳಿ ಹೊದಿಕೆಯ ಮಡಿಕೆಯೊಳಗೆ ಸಿಕ್ಕಿಕೊಂಡು ಲಾಂಡ್ರಿ ಗಾಡಿಗೆ ಹೋಗಿಬಿಡ್ತವೆ. ಚೆಕ್‌ಔಟ್ ಮಾಡುವ ಮೊದಲು ಹಾಸಿಗೆಯ ಎಲ್ಲ ಹೊದಿಕೆಗಳನ್ನು ಎತ್ತಿ ಕೊಡವಿ. ದಾರಿಯಲ್ಲಿ ನೆನಪಾದರೆ ಕೂಡಲೇ ಫೋನ್ ಮಾಡಿ, ರೂಮು ಸ್ವಚ್ಛ ಮಾಡುವ ಹೌಸ್‌ಕೀಪಿಂಗಿನವರಿಗೇ ಲೈನ್ ಕೊಡಿ ಅನ್ನಿ, ರಿಸೆಪ್ಶನ್ನಿಗೆ ಹೇಳಿ ಇಟ್ಟುಬಿಡಬೇಡಿ.

ಕುಮಟಾ: ನಮ್ಮನೆ ಆನೆ ಹಾಗೇ ಹೋಯ್ತು. ಮಗಳು ಈಗಲೂ ಕೇಳ್ತಾಳೆ.

ಉತ್ತರ: ಯಾವ ಬಣ್ಣದ್ದು ತಂಗಿ? ಆ ರೆಸಾರ್ಟಿನ ಹೌಸ್‌ಕೀಪಿಂಗಿನಲ್ಲಿ ನನ್ನ ಗುರ್ತದವರು ಯಾರಾದರೂ ಇದ್ದಾರಾ ನೋಡ್ತೇನೆ. ಕಳೆದುಹೋದ ವಸ್ತುಗಳ ಕಪಾಟನ್ನು ಎಷ್ಟೋ ಕಡೆ ವರ್ಷಕ್ಕೊಮ್ಮೆಯೂ ಯಾರೂ ಖಾಲಿ ಮಾಡುವುದಿಲ್ಲ.