‘ಶೇರ್ಡ್ ಸೇವಿಂಗ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡೇಟಾ ಸೆಂಟರುಗಳ ಕರೆಂಟ್ ಖರ್ಚಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಶೇರ್ಡ್ ಸೇವಿಂಗ್ಸ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಕ್ಲೌಡ್ ಕಂಪನಿ (ತನ್ನ ಸರ್ವರುಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪನಿ) ಕರೆಂಟ್ ಉಳಿಸಿದರೆ ಆ ಲಾಭದಲ್ಲಿ ಗಿರಾಕಿಗೂ ಪಾಲು ಕೊಡುವ ಒಪ್ಪಂದ ಅದು. ಮೊದಲು ‘ವಿದ್ಯುತ್ ಉಳಿತಾಯ ಹಂಚಿಕೆ’ ಎಂದು ಬರೆದೆ. ಓದಿದ ಗೆಳೆಯ, “ಸರ್ಕಾರದ ಹೊಸ ಯೋಜನೆನಾ?” ಎಂದು ಕೇಳಿದ!

ಉಳಿದದ್ದು ಯಾರ ಜೇಬಿಗೆ ಹೋಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಡೇಟಾ ಸೆಂಟರನ್ನು ತಂಪಾಗಿಡಲು ಬೇಕಾದ ಕರೆಂಟು ಡೀಪ್‌ಮೈಂಡ್ ಎಂಬ ಎಐ ಸಂಸ್ಥೆಯ ನೆರವಿನಿಂದ ಶೇ. 40ರವರೆಗೆ ಇಳಿಯಿತು ಎಂದು ಗೂಗಲ್ 2016ರಲ್ಲಿ ಹೇಳಿತ್ತು. ಆದರೆ ಕ್ಲೌಡ್ ಬಿಲ್ಲು ಸಾಮಾನ್ಯವಾಗಿ ಗಂಟೆ ಲೆಕ್ಕದ್ದು. ಅದರಲ್ಲಿ ಕರೆಂಟಿನ ಪಾಲೆಷ್ಟು ಅಂತ ಬೇರೆಯಾಗಿ ಕಾಣಿಸುವುದಿಲ್ಲ. ದರ ಇಳಿಯದಿದ್ದರೆ ಉಳಿದದ್ದೆಲ್ಲ ಕಂಪನಿಗೇ. ಜಾಗ ಬಾಡಿಗೆಗೆ ಹಿಡಿದು ತಮ್ಮದೇ ಸರ್ವರ್ ಇಡುವವರ ಕಥೆ ಬೇರೆ. ಅಲ್ಲಿ ಎಷ್ಟೋ ಕಡೆ ಮೀಟರಿನ ಲೆಕ್ಕವನ್ನು ಪಿಯುಇಯಿಂದ (ಇಡೀ ಡೇಟಾ ಸೆಂಟರ್ ಎಳೆಯುವ ಕರೆಂಟು ಅದರೊಳಗಿನ ಸರ್ವರ್ ಮುಂತಾದ ಯಂತ್ರಗಳು ಎಳೆಯುವುದರ ಎಷ್ಟು ಪಟ್ಟು ಎಂಬ ಸಂಖ್ಯೆ) ಗುಣಿಸಿ ಬಿಲ್ ಹಾಕುತ್ತಾರೆ. ಸರ್ವರ್ 100 ಯೂನಿಟ್ ಎಳೆದು ಪಿಯುಇ 1.5 ಇದ್ದರೆ ಬಿಲ್ಲು 150 ಯೂನಿಟ್ಟಿಗೆ. ಪಿಯುಇ 1.3ಕ್ಕೆ ಇಳಿದರೆ 130ಕ್ಕೆ. ಒಪ್ಪಂದದಲ್ಲೇ 1.5 ಎಂದು ಕಟ್ಟಿಹಾಕಿದ್ದರೆ ಮಾತ್ರ ಗಿರಾಕಿಗೆ ಏನೂ ದಕ್ಕದು.

ಇದನ್ನು ನೋಡಿದಾಗ ಹೊಲದ ಮಾತು ನೆನಪಾಯಿತು. ಗೇಣಿ ಎಂದರೆ ಗೊತ್ತು ಮಾಡಿದ ಮೊತ್ತ, ಬೆಳೆ ಜಾಸ್ತಿಯಾದರೂ ಕಮ್ಮಿಯಾದರೂ ಅಷ್ಟೇ. ವಾರ ಎಂದರೆ ಬಂದದ್ದರಲ್ಲಿ ಪಾಲು. ಕೆಲವು ಕಡೆ ಇದಕ್ಕೇ ಕೋರು ಅನ್ನುತ್ತಾರೆ. ಗಂಟೆ ಲೆಕ್ಕದ ಕ್ಲೌಡ್ ಬಿಲ್ಲು ಗೇಣಿಯ ಹಾಗೆ. ನನಗೆ ಬೇಕಿರುವ ಪದ ವಾರದ ಕಡೆಯದು, ಅಲ್ವಾ?

ತೊಡಕು ಏನೆಂದರೆ, ‘ವಾರದ ಉಳಿತಾಯ’ ಎಂದರೆ ಏಳು ದಿನದ್ದು ಎಂದುಕೊಳ್ಳುತ್ತಾರೆ. ‘ಉಳಿತಾಯ ಕೋರು’ ಎಂದರೆ ಉಳಿತಾಯ ಬೇಡಿದ ಹಾಗೆ! ‘ಉಳಿಕೆ ಪಾಲು’ ಅಂದರೆ ಕೊನೆಗೆ ಮಿಕ್ಕ ಪಾಲು ಅನ್ನಿಸುತ್ತದೆ. ಸದ್ಯಕ್ಕೆ ‘ಪಾಲುಳಿತಾಯ’ ಎಂದು ಬರೆದಿಟ್ಟಿದ್ದೇನೆ. ಪಾಲುದಾರಿಕೆಯ ನೆನಪು ತರುತ್ತದೆ, ಚಿಕ್ಕದೂ ಹೌದು. ಆದರೆ ಬಾಯಿಬಿಟ್ಟು ಓದಿದಾಗ ನಾಲಗೆ ಸ್ವಲ್ಪ ತೊಡರುತ್ತದೆ.

ಕುರಿ, ಹಸುಗಳನ್ನು ಸಾಕಲು ಕೊಟ್ಟು ಮರಿ, ಕರುಗಳಲ್ಲಿ ಪಾಲು ಪಡೆಯುವುದಕ್ಕೆ ನಿಮ್ಮ ಊರ ಕಡೆ ಏನು ಹೇಳುತ್ತಾರೆ? ಅಲ್ಲಿಂದ ಒಂದು ಪದ ಸಿಕ್ಕರೂ ನಡೆಯುತ್ತದೆ.