ಸೆಪ್ಟೆಂಬರ್‌ನಲ್ಲೇ ಬನ್ನಿ ಚಿಕ್ಕಮ್ಮ

ಚಿಕ್ಕಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೆಲಸದಲ್ಲಿದ್ದೆ, ಈಗ ಪುರುಸೊತ್ತಾಗಿ ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಸೆಪ್ಟೆಂಬರ್‌ನಲ್ಲಿ ಉತ್ತರ ಫಿನ್‌ಲ್ಯಾಂಡಿನ ನಮ್ಮ ರೊವಾನಿಯೆಮಿಗೆ ಬಂದರೆ ಹಿಮಾನೂ ಇಲ್ಲ, ಬಿಸಿಲೂ ಇಲ್ಲ, ಡಿಸೆಂಬರ್‌ಗೇ ಬರೋಣವಾ ಅಂತ ಕೇಳಿದ್ದೀರಲ್ಲ. ಬೇಡ. ಸೆಪ್ಟೆಂಬರ್‌ನಲ್ಲೇ ಬನ್ನಿ.

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲು ಅನ್ನೋದು ಎರಡು ಗಂಟೆ ಚಿಲ್ಲರೆ ಅಷ್ಟೆ. ಸೆಪ್ಟೆಂಬರ್ ಮಧ್ಯದಲ್ಲಿ 13 ಗಂಟೆ ಇರುತ್ತದೆ. ಬೆಳಿಗ್ಗೆ ತಿಂಡಿ ತಿಂದು ಹೊರಟು, ನಡೆದಾಡಿ, ಬೆಳಕಿರುವಾಗಲೇ ಮನೆಗೆ ಬರಬಹುದು. ಮಧ್ಯಾಹ್ನ 10 ಡಿಗ್ರಿ ಆಸುಪಾಸು. ಚಳಿ ಹೌದು, ಆದರೆ ನಡೆಯುವವರಿಗೆ ಹಿತವಾದ ಚಳಿ. ಬೇಸಿಗೆಯಲ್ಲಿ ಮುತ್ತಿಕೊಳ್ಳುವ ಸೊಳ್ಳೆಗಳೂ ಅಷ್ಟರಲ್ಲಿ ಹೋಗಿರುತ್ತವೆ.

ಈ ಕಾಲದ ಬಣ್ಣಕ್ಕೆ ಇಲ್ಲಿನವರು 'ರುಸ್ಕ' ಅನ್ನುತ್ತಾರೆ. ಬರ್ಚ್ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗುತ್ತವೆ. ಆದರೆ ನೀವು ಮರ ನೋಡಿ ಸುಮ್ಮನಾಗಬೇಡಿ, ಕೆಳಗೆ ನೋಡಿ. ನಿಜವಾದ ಕೆಂಪು ಇರುವುದು ನೆಲದಲ್ಲಿ. ಮೊಣಕಾಲಿಗೂ ಬಾರದ ಬ್ಲೂಬೆರಿ ಗಿಡ, ಕುಳ್ಳ ಬರ್ಚ್, ಎಲ್ಲಾ ಕುಂಕುಮ ಚೆಲ್ಲಿದ ಹಾಗೆ. ಒಂದೇ ಎಲೆಯಲ್ಲಿ ನರದ ಹತ್ತಿರ ಇನ್ನೂ ಹಸಿರು, ಅಂಚಿನಲ್ಲಿ ಕೆಂಪು. ರಾತ್ರಿ ಚಳಿ ಬಿದ್ದು, ಹಗಲು ಬಿಸಿಲಿದ್ದ ವರ್ಷ ಬಣ್ಣ ಇನ್ನೂ ಜಾಸ್ತಿ. ಒಂದು ವಿಷಯ, ಇದು ಹೆಚ್ಚು ದಿನ ಉಳಿಯುವುದಿಲ್ಲ. ಬಂದ ಮೊದಲ ವರ್ಷ ನಾನು ತಿಂಗಳ ಕೊನೆಗೆ ಹೋಗೋಣ ಅಂತ ಕಾದಿದ್ದೆ. ಒಂದೇ ರಾತ್ರಿಯ ಗಾಳಿಮಳೆಗೆ ಮರಗಳೆಲ್ಲ ಬೋಳಾದವು. ಅದಕ್ಕೇ ಎರಡನೇ ವಾರಕ್ಕೇ ಟಿಕೆಟ್ ಮಾಡಿಸಿ.

ಚಿಕ್ಕಪ್ಪನ ಮಂಡಿನೋವಿನ ಚಿಂತೆ ಬೇಡ. ಮೊದಲ ದಿನ ವಾಟ್ಟುಂಕಿಕೊಂಗಾಸ್ ಅನ್ನುವ ಕಾಡಿಗೆ ಹೋಗೋಣ. ನಮ್ಮಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ನದಿಯ ಪಕ್ಕದಲ್ಲೇ ಹಲಗೆ ಹಾಸಿದ ಹಾದಿ, ದಾಟಲು ಸೇತುವೆ. ಅಲ್ಲಲ್ಲಿ ಒಂದು ಬದಿ ತೆರೆದ ಮರದ ಚಪ್ಪರ, ಇಲ್ಲಿನವರು ಅದಕ್ಕೆ 'ಲಾವು' ಅನ್ನುತ್ತಾರೆ. ಮುಂದೆ ಬೆಂಕಿ ಹಾಕುವ ಜಾಗ, ಸೌದೆಯೂ ಅಲ್ಲೇ ಇಟ್ಟಿರುತ್ತಾರೆ. ಬೆಂಕಿ ಹಚ್ಚಿ, ಕಾಫಿ ಕಾಯಿಸಿಕೊಂಡು ನದಿ ನೋಡುತ್ತಾ ಕೂತರೆ ಎದ್ದು ಬರಲು ಮನಸ್ಸೇ ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋದರೆ ಹಲಗೆ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಜಾರುತ್ತದೆ, ಅದಕ್ಕೆ 11 ಗಂಟೆ ಮೇಲೆ ಹೊರಡೋಣ.

ಇನ್ನೊಂದು ದಿನ ಪ್ಯುಹಾ ಬೆಟ್ಟಕ್ಕೆ. ಕಾರಿನಲ್ಲಿ ಎರಡು ಗಂಟೆ ಹತ್ತಿರ ಆಗುತ್ತದೆ. ಅಲ್ಲಿನ ಇಸೊಕುರು ಕಣಿವೆ 220 ಮೀಟರ್ ಆಳ, ಫಿನ್‌ಲ್ಯಾಂಡಿನಲ್ಲೇ ಅತಿ ಆಳದ್ದು. ಇಳಿಯಲು ಮರದ ಮೆಟ್ಟಿಲು ತುಂಬಾ ಇವೆ, ಹಾಗಾಗಿ ಚಿಕ್ಕಪ್ಪ ಮೇಲೆಯೇ ಇರಲಿ, ನೀವೂ ನಾನೂ ಇಳಿಯೋಣ. ದಾರಿಯಲ್ಲಿ ಹಿಮಸಾರಂಗ ರಸ್ತೆಗೇ ಬಂದು ನಿಂತುಬಿಡುತ್ತವೆ. ಹಾರ್ನ್ ಹೊಡೆದರೂ ಕದಲುವುದಿಲ್ಲ, ನಿಧಾನಕ್ಕೆ ಕಾಯಬೇಕು.

ಹಾಂ, ಪುವೊಲುಕ್ಕ ಹಣ್ಣು ಕೀಳೋಕೆ ಒಂದು ಡಬ್ಬಿ ಇಟ್ಟುಕೊಳ್ಳೋಣ. ಕೆಂಪು ಮಣಿಯಂಥ ಲಿಂಗನ್‌ಬೆರಿ ಅದು. ಒಂದು ಬದಿ ಬಿಳಿ ಇದ್ದರೆ ಇನ್ನೂ ಕಾಯಿ, ಬಿಡಿ. ಹಲ್ಲಿಗೆ ತಣ್ಣಗೆ ತಾಗುತ್ತದೆ, ಆಮೇಲೆ ಹುಳಿ, ಕೊನೆಗೆ ಸ್ವಲ್ಪ ಕಹಿ. ಇಲ್ಲಿ ಕಾಡು ಯಾರದ್ದೇ ಇರಲಿ, ಹಣ್ಣು ಕೀಳಲು ಯಾರನ್ನೂ ಕೇಳಬೇಕಿಲ್ಲ, ಅದು ಎಲ್ಲರ ಹಕ್ಕು. ಮನೆಯಂಗಳಕ್ಕೆ ಮಾತ್ರ ಕಾಲಿಡಬಾರದು.

ರಾತ್ರಿ ಹತ್ತರ ಮೇಲೆ ಆಕಾಶ ತಿಳಿಯಾಗಿದ್ದರೆ ನಾನೇ ಎಬ್ಬಿಸುತ್ತೇನೆ. ಆಕಾಶದಲ್ಲಿ ಕಾಣುವ ಅರೋರಾ, ಉತ್ತರದ ಆ ಹಸಿರು ಬೆಳಕು ನೋಡಲು ಹಿಮ ಬೇಕಿಲ್ಲ, ಕತ್ತಲಿದ್ದರೆ ಸಾಕು.

ದಪ್ಪ ಸ್ವೆಟರ್, ಮಳೆಗೆ ತಡೆಯುವ ಜಾಕೆಟ್, ಹಿಡಿತ ಇರುವ ಶೂ, ಇಷ್ಟು ಸಾಕು. ದಿನಾಂಕ ಗಟ್ಟಿಯಾದ ಕೂಡಲೇ ಇಲ್ಲಿ ಹಾಕಿ, ನಾನು ರಜೆಗೆ ಬರೆದುಕೊಡುತ್ತೇನೆ.